ಗೌರಿಬಾ ಯಾರ ಮಗಳು

ಗುಜರಾತಿನ ಆರು ಕೋಟಿ ಜನಕ್ಕೆ ದಿನಾ ಎರಡು ಹೊತ್ತು ಬಡಿಸುವವಳು ನಂಜುಂಡನ ತಾಯಿ. ತೀರಿಕೊಂಡ ಮೇಲೂ ಒಂದು ದಿನ ರಜೆ ಹಾಕಿದವಳಲ್ಲ. ಅಹಮದಾಬಾದಿನಲ್ಲಿ ಆತ ಇದನ್ನು ಹೇಳದೆ ಬಿಟ್ಟ ಆಟೋದವನಿಲ್ಲ. ಗೌರಿಬಾ ಮಸಾಲೆ ಪೊಟ್ಟಣದ ಮೇಲೆ ನಗುವ ದುಂಡು ಮುಖದ ಹೆಂಗಸು ನಂಜನಗೂಡಿನಿಂದ ರೈಲು ಹತ್ತಿ ಬಂದ ತನ್ನಮ್ಮ ಶಾಂತಾ ಎಂದೇ ಅವನ ವಾದ.

ಆವತ್ತು ಟೀವಿಯಲ್ಲಿ ಹೊಸ ಜಾಹೀರಾತು ಬಂತು: 'ಗೌರಿಬಾ, ಏಳು ತಲೆಮಾರಿನ ಸೂರತ್ತಿನ ಮಗಳು.' ನಂಜುಂಡ ಚಹಾದ ಲೋಟ ಕುಕ್ಕಿದ ರಭಸಕ್ಕೆ ಸಾಬರಮತಿಯೇ ತುಳುಕಿರಬೇಕು. ಹೆಂಡತಿ ಪದ್ಮಾವತಿಯನ್ನು ಹೊರಡಿಸಿಕೊಂಡು ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಮಸಾಲೆ ಕಂಪನಿಯ ಆಫೀಸಿಗೆ ನುಗ್ಗಿದ.

"ನಮ್ಮಪ್ಪ ಹೋದ್ಮೇಲೆ ಅಮ್ಮ ಭಾಷೆ ಬರದೇ ಇರೋ ವಡೋದರಾಕ್ಕೆ ಬಂದು, ರೈಲ್ವೆ ಆಫೀಸಲ್ಲಿ ಫೈಲ್ ಹೊತ್ತು ನನ್ನ ಸಾಕಿದ್ಲು. ನಿಮಗೆ ಅವಳ ಮುಖ ಬೇಕು, ಊರು ಬೇಡ. ಯಾರ್ರೀ ಇದನ್ನ ಬರ್ದಿದ್ದು?"

ಜಾಹೀರಾತು ನೋಡಿಕೊಳ್ಳುವ ಮೇದಿನಿ ಹಾಸನದ ಬ್ಯಾಂಕಿನವರ ಮಗಳು, ಇಲ್ಲೇ ಬೆಳೆದವಳು. "ಅಂಕಲ್, ನನ್ ಕನ್ನಡ ಥೋಡಾ ವೀಕ್. ಅಮ್ಮಂದು ಒಂದ್ ಫೋಟೋ ಕೊಡಿ. ಮ್ಯಾಚ್ ಆದ್ರೆ ಈ ಆ್ಯಡ್ ತೆಗೆಸಿ ಅವರ ಹೆಸ್ರು, ಊರು ಹಾಕಿಸ್ತೀನಿ. ಪ್ರಾಮಿಸ್."

ನಂಜುಂಡ ಬಾಗಿಲ ಕಡೆ ನೋಡಿದ. "ಫೋಟೋ ಎಲ್ಲಾ ಪ್ರವಾಹದಲ್ಲಿ ಹೋಯ್ತಮ್ಮ. ವಡೋದರಾದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಮೂರನೇ ಮಹಡಿವರೆಗೂ ಮೊಸಳೆ ಬಂದಿತ್ತು."

"ಯಾವ ಮೊಸಳೆ? ದೇವರ ಮನೇಲಿರೋ ಫೋಟೋಗೆ ದಿನಾ ಹೂ ಇಡ್ತೀನಲ್ಲ," ಎನ್ನುತ್ತ ಪದ್ಮಾವತಿ ಮೊಬೈಲಿನಲ್ಲಿ ಅದನ್ನೇ ತೆಗೆದು ಮೇಜಿನ ಮೇಲಿಟ್ಟಳು.

ಮೇದಿನಿ ಪೊಟ್ಟಣವನ್ನು ಪಕ್ಕಕ್ಕೆ ಹಿಡಿದಳು. ಮೊಬೈಲಿನಲ್ಲಿ ಒಣಗಿದ ಮುಖ, ಬರಿಯ ಹಣೆ. ಪೊಟ್ಟಣದ ಹಣೆಯ ಮೇಲೆ ಕಾಸಿನಗಲ ಕುಂಕುಮ.

"ಇವರಿಗೆ ಕುಂಕುಮ ಇಲ್ವಲ್ಲ, ಅಂಕಲ್."

"ಎಲ್ಲಿಂದ ಬರುತ್ತೆ? ನಮ್ಮೆಜಮಾನ್ರು ಒಂದನೇ ಕ್ಲಾಸಲ್ಲಿದ್ದಾಗ್ಲೇ ಮಾವ ಹೋದ್ರು." ಪದ್ಮಾವತಿ ಗಂಡನತ್ತ ತಿರುಗಿದಳು. ದನಿ ಚೂಪಾಗಿತ್ತು. "ಹಾಗಾದ್ರೆ ಇಷ್ಟು ವರ್ಷ ನಮ್ಮ ಅಡುಗೆಮನೇಲಿ ನಗ್ತಾ ಇರೋ ಇವಳು ಯಾರ್ರೀ?"

"ನಾನು ಕಣೇ," ಎಂದು ನಂಜುಂಡ ಸಿಡುಕಿದ. "ನಾನೇನು ಸೂರತ್ತಿನ ಮಗಳಾ?"

ಇಬ್ಬರೂ ನಗಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ.

"ಕನ್ನಡ ಸಂಘದ ನಾಟಕ. ಹೆಣ್ಣು ಪಾತ್ರಕ್ಕೆ ಯಾರೂ ಸಿಗಲಿಲ್ಲ, ನಾನೇ ಮಾಡ್ದೆ. ಆವತ್ತು ನನ್ನ ಫೋಟೋ ತೆಗೆದೋನೇ ಅದನ್ನ ನೋಡಿ ಪೊಟ್ಟಣದ ಚಿತ್ರ ಬರೆದ. ಅಮ್ಮ ನನಗೆ ತನ್ನ ಮದುವೆ ಸೀರೆ ಉಡಿಸಿ, ತಾನೇ ನನ್ನ ಹಣೆಗೆ ಕುಂಕುಮ ಇಟ್ಲು. ನಾಟಕಕ್ಕೆ ಹೊತ್ತಾಯ್ತು, ಹೋಗ್ತೀನಿ ಅಂದ್ರೆ ಬಿಡಲಿಲ್ಲ. ನಿಮ್ಮಪ್ಪ ಇದ್ದಾಗ ನಾನು ಹೀಗೇ ಇದ್ದೆ, ಇನ್ನೊಂಚೂರು ಎದುರಿಗೆ ಕೂತಿರು ಅಂದ್ಲು. ಕೂತಿದ್ದೆ."