ಆದಿನಾರಾಯಣ ಡಾಕ್ಟರ ಕೈಗುಣ

ಆಂಡರ್ಸನ್‌ಪೇಟೆಗೆ ಬಂದ ಹೊಸದರಲ್ಲಿ ಆದಿನಾರಾಯಣ ಡಾಕ್ಟರು ನೊಣ ಹೊಡೆಯುತ್ತಾ ಕೂತಿರುತ್ತಿದ್ದರು. ಬೆನ್ನುನೋವು ಅಂದವರಿಗೆ ಬಿಸಿನೀರಿನ ಶಾಖ ಕೊಡಿ, ಭಾರ ಎತ್ತಬೇಡಿ ಅಂತ ಹೇಳಿ ಕಳಿಸಿದರೆ ಯಾರು ತಾನೇ ಮತ್ತೆ ಬರುತ್ತಾರೆ? ಕೈಗುಣ ಇಲ್ಲ ಅಂದುಬಿಟ್ಟರು ನಮ್ಮ ಜನ. ಒಂದು ದಿನ ರೋಸಿಹೋಗಿ, ಆಪರೇಷನ್ ಆದವರಿಗೆ ಕೊಡುವ ಮತ್ತಿನ ಸೂಜಿಯನ್ನೇ ಒಬ್ಬರ ಬೆನ್ನುನೋವಿಗೆ ಚುಚ್ಚಿದರು. ಆ ಗಿರಾಕಿ ನಗುನಗುತ್ತಾ ಈಚೆ ಬಂತು. ಅಲ್ಲಿಗೆ ಮುಗಿಯಿತು ನೋಡಿ, ಬೇತಮಂಗಲದಿಂದಲೂ ಜನ ಬಸ್ಸು ಹತ್ತಿಕೊಂಡು ಬರತೊಡಗಿದರು.

ಆ ಗಿರಾಕಿ ಬೇರೆ ಯಾರೂ ಅಲ್ಲ, ನಮ್ಮನೆಯವರೇ. ಕೋರಮಂಡಲ್ ಗಣಿಯಲ್ಲಿ ಕೆಲಸ.

ಮೊದಮೊದಲು ನನಗೂ ಖುಷಿಯೇ. ಸೂಜಿ ಹಾಕಿಸಿಕೊಂಡ ದಿನ ಯಾರು ಏನಂದರೂ "ಆಯ್ತು ಬಿಡು" ಅನ್ನುವರು. ಬರಬರುತ್ತಾ ಆ ನೋವು ಊರ ದನದ ಹಾಗೆ ಬೆನ್ನಿನಿಂದ ಮಂಡಿಗೆ, ಮಂಡಿಯಿಂದ ಮೊಣಕೈಗೆ ತಿರುಗತೊಡಗಿತು. ಆಂಡರ್ಸನ್‌ಪೇಟೆ ಬಸ್ಸಿನ ಹಾರನ್ ಕೇಳಿದರೆ ಸಾಕು, "ಅಯ್ಯಪ್ಪಾ!" ಅಂತ ನರಳುವರು. ನಾಟಕ ನೋಡು ಇವರದು ಅಂತ ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಒಂದು ದಿನ ಅವರ ಜೊತೆಗಾರ ಆರುಮುಗಂ ಮನೆಗೆ ಬಂದ. "ಅಕ್ಕಾ, ಬಚ್ಚಪ್ಪಣ್ಣ ಗಣಿ ಒಳಗೆ ಗೋಡೆಗೆ ಒರಗಿ ತೂಕಡಿಸ್ತಾನೆ. ಕೂಗಿದ್ರೂ ಏಳಲ್ಲ" ಅಂದ. ಬಂಡೆ ಉದುರುವ ಜಾಗದಲ್ಲಿ ತೂಕಡಿಸಿದವರು ಮನೆಗೆ ವಾಪಸ್ ಬರುತ್ತಾರೆಯೇ?

ಮಾರನೆಯ ದಿನ ಅವರ ಜೊತೆ ನಾನೂ ಬಸ್ಸು ಹತ್ತಿದೆ. ಡಾಕ್ಟರು ಆಗಲೇ ಸೂಜಿಗೆ ಔಷಧಿ ಎಳೆದುಕೊಂಡಿದ್ದರು.

"ಆ ಸೂಜಿ ಆಕಬ್ಯಾಡಿ ಡಾಕ್ಟ್ರೇ. ಗಣಿ ಒಳಗೆ ನಿದ್ದೆ ಮಾಡ್ತಾರಂತೆ. ಏನಾದ್ರೂ ಆದ್ರೆ ನಾನೇನ್ ಮಾಡ್ಲಿ?"

"ನನಗೂ ಗೊತ್ತಮ್ಮಾ" ಅಂದರು ಡಾಕ್ಟರು ಮೆಲ್ಲಗೆ. "ಬೇಡ ಅಂದ್ರೆ ಎದುರುಗಡೆ ಡಾಕ್ಟರ ಹತ್ರ ಹೋಗ್ತಾರೆ. ನನ್ನ ಕೈಗುಣ ಸರಿಯಿಲ್ಲ ಅಂತ ಊರೆಲ್ಲಾ ಸಾರ್ತಾರೆ."

"ಸಾರೋದಾ? ಎಲ್ಡೊತ್ತೂ ಊರ ಎಂಗಸ್ರ ಜೊತೆ ಡೈರಿ ಸಾಲಲ್ಲಿ ನಿಲ್ಲೋಳು ನಾನು! ಇವತ್ತು ಸೂಜಿ ಆಕಿದ್ರೋ, ಡಾಕ್ಟ್ರ ಕೈಗುಣ ಕೆಟ್ಟೋಯ್ತು ಅಂತ ಬಂಗಾರಪೇಟೆವರ್ಗೂ ಓಗ್ತದೆ. ಆಕ್ಲಿಲ್ವೋ, ದೇವ್ರಂತ ಡಾಕ್ಟ್ರು ಅಂತೀನಿ. ಏನ್ ಮಾಡ್ತೀರೋ ಮಾಡಿ!"

ಡಾಕ್ಟರು ಸೂಜಿ ಕೆಳಗಿಟ್ಟರು.

"ಲೇ ವರಲಕ್ಷ್ಮೀ, ನೋವು ನನ್ಗಾ ನಿನ್ಗಾ?" ಅಂತ ನಮ್ಮನೆಯವರು ಎಗರಿಬಿದ್ದರು. ಎದ್ದು ನಿಲ್ಲಲು ಹೋಗಿ, ಆಗದೆ, ಸ್ಟೂಲಿನ ಮೇಲೇ ಕುಸಿದರು. ಕಣ್ಣಲ್ಲಿ ನೀರು. ಪಾಪ, ಎಲ್ಲವೂ ನಾಟಕವಾಗಿರಲಿಲ್ಲ.

"ಅಂಗಾದ್ರೆ ಈ ನೋವಿಗೇನು ಮಾಡ್ತೀರಿ?" ಅಂತ ಡಾಕ್ಟರನ್ನೇ ಕೇಳಿದೆ.

ಡಾಕ್ಟರು ಅವರ ಷರಟು ಬಿಚ್ಚಿಸಿ, ಬೋರಲು ಮಲಗಿಸಿ, ಬೆನ್ನುಮೂಳೆಯ ಉದ್ದಕ್ಕೂ ಬೆರಳಿನಿಂದ ಒತ್ತುತ್ತಾ ಬಂದರು. ಸೊಂಟದ ಮೇಲೆ ಒಂದು ಕಡೆ ಒತ್ತಿದಾಗ ನಮ್ಮನೆಯವರು ಕಿರುಚಿಕೊಂಡರು. ಡಾಕ್ಟರ ಮುಖ ಪೆಚ್ಚಾಯಿತು.

"ಇಲ್ಲಿ ಯಾವಾಗಿಂದ ಹೀಗಿದೆ?"

"ಮೊದಲ್ನೇ ದಿನದಿಂದ್ಲೂ ಅಲ್ಲೇ ಸಾರ್. ನೀವು ನೋಡಿದ್ದು ಇವತ್ತೇ."