ಕನ್ನಡಕದಂಗಡಿಯ ಡಮ್ಮಿ ಅಭ್ಯರ್ಥಿ

ಅಧ್ಯಕ್ಷರ ಕನ್ನಡಕ ಎಡಕ್ಕೆ ವಾಲಿದೆ, ಕಿವಿಯ ಹಿಂದಿನ ಕಡ್ಡಿ ಬಾಗಿರಬೇಕು, ಇಲ್ಲವೇ ಮನುಷ್ಯ ಕನ್ನಡಕ ಹಾಕಿಕೊಂಡೇ ಮಗ್ಗುಲಾಗಿ ಮಲಗುತ್ತಾರೆ, ಮಲಗುವವರೇ ಸರಿ — ಒಂದು ನಿಮಿಷ ಇಲ್ಲಿ ಕೊಡಿ ಎಂದು ಇಸಿದುಕೊಂಡು, ಬಗ್ಗಿಸಿ, ನೆಟ್ಟಗೆ ಮಾಡಿ ಕೊಟ್ಟುಬಿಟ್ಟರೆ ಕನ್ನಡಕದಂಗಡಿಯ ಅಕ್ಕನ ಕೈಗಾದರೂ ಸಮಾಧಾನವಾಗುತ್ತಿತ್ತು, ಬೆಳಗಿನಿಂದ ಈ ಪಕ್ಷದ ಕಚೇರಿಯಲ್ಲಿ ನೆಟ್ಟಗಾದದ್ದು ಒಂದೂ ಇಲ್ಲ. ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದೆ, ಊಟದ ಪೊಟ್ಟಣಗಳು ಮೂಲೆಯಲ್ಲಿ ತಣ್ಣಗಾಗಿವೆ, ಯಾರಿಗೂ ಹಸಿವಿಲ್ಲ, ಎಲ್ಲರೂ ಮಾತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಾರೆ. ನಾನು ಹೇಳೋದು ಇಷ್ಟೇ, ಅಕ್ಕನ ತಮ್ಮ ಕಣದಿಂದ ಸರಿಯಬೇಕು, ಎನ್ನುತ್ತಾರೆ ಅಧ್ಯಕ್ಷರು, ಇಷ್ಟೇ ಎಂದು ಶುರುಮಾಡಿ ಇದು ಎಷ್ಟನೆಯ ಸಲವೋ. ಯಾಕೆ ಸರೀಬೇಕು ಸಾರ್, ಒಂದು ವಿಡಿಯೋಗೆ ಹೆದರಿದ್ರೆ ರಾಜಕೀಯ ಮಾಡೋಕಾಗುತ್ತಾ, ಎನ್ನುತ್ತಾನೆ ವಕೀಲ, ತಮ್ಮನ ಬಲಗೈ ಬಂಟ, ಕೋರ್ಟಿನಲ್ಲಿ ಬಾಯಿ ಬಿಡದವನಿಗೆ ಇಲ್ಲಿ ಎಲ್ಲಿಲ್ಲದ ವಾದ. ತಮ್ಮ ಗೋಡೆಗೆ ಒರಗಿ ನಿಂತಿದ್ದಾನೆ, ಪಕ್ಕದಲ್ಲಿ ಅವನದೇ ಪೋಸ್ಟರುಗಳ ಕಟ್ಟು, ಕಾಗದದಲ್ಲಿ ಹಲ್ಲುಕಿರಿದಿದ್ದಾನೆ, ಗೋಡೆಯ ಹತ್ತಿರ ಗಂಟುಮೋರೆ ಹಾಕಿದ್ದಾನೆ, ಎರಡಕ್ಕೂ ಒಂದೇ ಕನ್ನಡಕ, ಅಕ್ಕನೇ ಮಾಡಿಕೊಟ್ಟದ್ದು, ಜೀರೋ ನಂಬರು. ಕಣ್ಣಿಗೇನೂ ಧಾಡಿಯಿಲ್ಲ ಅವನಿಗೆ, ಕನ್ನಡಕ ಇದ್ದರೆ ಓದಿದವನ ಹಾಗೆ ಕಾಣ್ತೀಯ ಎಂದು ಫೋಟೋದವನು ಹೇಳಿದ್ದೇ ತಡ, ಅಂಗಡಿಗೆ ಓಡಿಬಂದಿದ್ದ — ಅಕ್ಕ, ಒಂದು ಒಳ್ಳೇ ಫ್ರೇಮು ಕೊಡೇ. ಕೊಟ್ಟಿದ್ದಳು. ಎರಡು ಕೈಯಲ್ಲೂ ತೆಗೀಬೇಕು ಕಣೋ, ಒಂದೇ ಕೈಯಲ್ಲಿ ಎಳೆದರೆ ಕಡ್ಡಿ ಸಡಿಲ ಆಗುತ್ತೆ, ಎಂದು ಹೇಳಿಯೂ ಕೊಟ್ಟಿದ್ದಳು. ಹುಟ್ಟಿದಾಗಿನಿಂದ ಅವಳು ಹೇಳಿದ್ದರಲ್ಲಿ ಅವನು ಕೇಳಿದ್ದು ಅದೊಂದನ್ನೇ.

ಅಕ್ಕ, ನೀವಾದ್ರೂ ಮಾತಾಡಿ, ಎನ್ನುತ್ತಾರೆ ಅಧ್ಯಕ್ಷರು, ಪಕ್ಷದಲ್ಲಿ ಎಲ್ಲರಿಗೂ ಅವಳು ಅಕ್ಕ, ಅವಳಿಗಿಂತ ಹಿರಿಯರಾದ ಇವರಿಗೂ ಅಕ್ಕ. ಏನು ಮಾತಾಡುವುದು, ಡಮ್ಮಿಗೆ ಬಾಯಿ ಬೇರೆ ಇದೆಯೆ. ಈ ಪಕ್ಷದಲ್ಲಿ ಪದ್ಧತಿ ಹಾಗೆ, ಅಭ್ಯರ್ಥಿಯ ಜೊತೆಗೆ ಅವನ ಮನೆಯವರೇ ಇನ್ನೊಬ್ಬರು ನಾಮಪತ್ರ ಹಾಕುತ್ತಾರೆ, ಅವನದೇನಾದರೂ ತಿರಸ್ಕಾರವಾದರೆ ಇರಲಿ ಎಂದು, ಆಗಲಿಲ್ಲವೆಂದರೆ ಕೊನೆಯ ದಿನ ಹೋಗಿ ವಾಪಸ್ ತೆಗೆದುಕೊಳ್ಳುತ್ತಾರೆ, ಮುಗಿಯಿತು. ತಮ್ಮನ ಹೆಂಡತಿ ಸರ್ಕಾರಿ ಶಾಲೆಯ ಮೇಡಂ, ಚುನಾವಣೆಗೆ ನಿಲ್ಲುವ ಹಾಗಿಲ್ಲ, ಹಾಗಾಗಿ ಪ್ರತಿ ಸಲವೂ ಅಕ್ಕನೇ ಡಮ್ಮಿ, ಪ್ರತಿ ಸಲವೂ ಎದುರಿನ ಚುನಾವಣಾ ಕಚೇರಿಗೆ ಹೋಗಿ ಒಂದು ಸೈನು ಗೀಚಿ, ಅಲ್ಲಿನ ಕ್ಯಾಂಟೀನಿನಲ್ಲಿ ಒಂದು ಟೀ ಕುಡಿದು, ಅಂಗಡಿಯ ಬಾಗಿಲು ತೆಗೆಯುವುದು. ಏನಕ್ಕ ಸೋತ್ರಾ, ಎಂದು ಟೈರ್ ಅಂಗಡಿಯವನು ತಮಾಷೆ ಮಾಡುತ್ತಿದ್ದ, ಹೂಂ ಕಣಪ್ಪ, ನನ್ನ ತಮ್ಮನ ಎದುರೇ ಸೋತೆ, ಎಂದು ಅವಳೂ ನಗುತ್ತಿದ್ದಳು. ಈ ಸಲ ನಗುವುದಕ್ಕೆ ಏನಿದೆ, ನಾಮಪತ್ರದ ಗಡುವು ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಈ ಮಹಾನುಭಾವ ಮಾಡಿದ ಘನಂದಾರಿ ಕೆಲಸದಿಂದಾಗಿ, ಹೊಸ ನಾಮಪತ್ರಕ್ಕೂ ದಾರಿಯಿಲ್ಲದೆ, ಪಕ್ಷದ ಕೈಯಲ್ಲಿ ಉಳಿದಿರುವುದು ಎರಡೇ ಹೆಸರು, ಅವನದು ಮತ್ತು ಅವಳದು. ಅವನು ಸರಿದರೆ ಅವಳು ಅಭ್ಯರ್ಥಿ, ಅವಳು ಸರಿದರೆ ಅವನು, ಇಬ್ಬರೂ ಉಳಿದರೆ ವೋಟು ಒಡೆದು ಎದುರು ಪಕ್ಷದವರು ಕೂತಲ್ಲೇ ಗೆಲ್ಲುತ್ತಾರೆ. ವಾಪಸ್ ತೆಗೆದುಕೊಳ್ಳಲು ಇವತ್ತು ಮೂರು ಗಂಟೆಯವರೆಗೆ ಸಮಯ. ಸ್ವತಃ ಹೋಗಿ ಅಧಿಕಾರಿಯ ಮುಂದೆ ಸೈನ್ ಹಾಕಬೇಕು, ಅವಳ ಪರವಾಗಿ ಯಾರೂ ಹಾಕುವಂತಿಲ್ಲ, ಅದಕ್ಕೇ ಬೆಳಗಿನಿಂದ ಈ ಉಪಚಾರ, ಅಕ್ಕ ನೀರು ಬೇಕಾ, ಅಕ್ಕ ಫ್ಯಾನಿನ ಕೆಳಗೆ ಬನ್ನಿ, ಇಷ್ಟು ವರ್ಷ ಬಾಗಿಲ ಪಕ್ಕದ ಸ್ಟೂಲೇ ಅಕ್ಕನಿಗೆ ಸಿಂಹಾಸನವಾಗಿತ್ತು.

ಆ ವಿಡಿಯೋ. ನೋಡಬಾರದು ಎಂದುಕೊಂಡು ಅದೆಷ್ಟು ಸಲ ನೋಡಿದ್ದಾಳೆ, ಕಣ್ಣು ಮುಚ್ಚಿದರೂ ಈಗ ಓಡುತ್ತದೆ. ವಾರ್ಡಿನ ಬಾಗಿಲು, ಹಣ್ಣಿನ ಬುಟ್ಟಿ ಹಿಡಿದ ತಮ್ಮ, ಹಿಂದೆ ಅವನ ಬಾಲಂಗೋಚಿಗಳ ಹಿಂಡು, ಬಾಗಿಲಿಗೆ ಅಡ್ಡ ನಿಂತ ನರ್ಸ್, ಸಣ್ಣ ಮೈಕಟ್ಟಿನವಳು — ಇಬ್ಬರು ಮಾತ್ರ ಬನ್ನಿ ಸರ್, ಪೇಷಂಟುಗಳು ಈಗ ತಾನೆ ಮಲಗಿದ್ದಾರೆ. ನಾನು ಯಾರು ಗೊತ್ತೇನಮ್ಮ. ಗೊತ್ತು ಸರ್, ಆದ್ರೂ ಇಬ್ಬರೇ. ಆಮೇಲೆ ತಮ್ಮ ಹಣ್ಣಿನ ಬುಟ್ಟಿಯನ್ನು ಪಕ್ಕದವನಿಗೆ ಕೊಡುತ್ತಾನೆ, ಎರಡೂ ಕೈಯೆತ್ತಿ ತನ್ನ ಕನ್ನಡಕ ತೆಗೆಯುತ್ತಾನೆ, ಮಡಿಸುತ್ತಾನೆ, ಜೇಬಿಗೆ ಇಡುತ್ತಾನೆ, ಎಷ್ಟು ಜೋಪಾನ, ಅಂಗಡಿಯಲ್ಲಿ ಹೇಳಿಕೊಟ್ಟ ಹಾಗೇ, ಆಮೇಲೆ ಹೊಡೆಯುತ್ತಾನೆ. ಅವಳ ಕನ್ನಡಕ ಹಾರಿ ನೆಲಕ್ಕೆ ಬೀಳುತ್ತದೆ, ಯಾರದೋ ಬೂಟು ಅದನ್ನು ತುಳಿಯುತ್ತದೆ, ಅವಳು ಬಗ್ಗಿ ನೆಲ ತಡಕುತ್ತಾಳೆ. ಕೈ ತಾಗಿತು ಅಷ್ಟೇ ಅಕ್ಕ, ನಿನ್ನಾಣೆ, ನೂಕುನುಗ್ಗಲಲ್ಲಿ ಕೈ ತಾಗಿತು, ಎಂದ ಆ ಸಂಜೆ, ಊಟಕ್ಕೆ ಕೂತು. ನಿನ್ನಾಣೆ ಅಂತೆ. ಜಗತ್ತಿಗೆಲ್ಲ ಸುಳ್ಳು ಹೇಳು, ಅದು ನಿನ್ನ ಕಸುಬು, ನನಗೂ ಹೇಳುತ್ತೀಯಲ್ಲೋ, ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ಚಿಕ್ಕಂದಿನಲ್ಲಿ ಅಪ್ಪನ ಕನ್ನಡಕದ ಮೇಲೆ ಕೂತು ಪುಡಿಮಾಡಿ, ತಾನಾಗೇ ಬಿತ್ತು ಎಂದಿದ್ದ, ಕುರ್ಚಿಯ ಮೇಲಿದ್ದದ್ದು ಕುರ್ಚಿಯ ಮೇಲೇ ತಾನಾಗಿ ಬಿತ್ತಂತೆ, ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಎಲ್ಲರೂ ನಕ್ಕಿದ್ದೆವು, ನಗಬಾರದಿತ್ತೋ ಏನೋ.

ಏನಪ್ಪ, ಕ್ಷಮೆ ಕೇಳಿಬಿಡು ಅಂದ್ರೆ ಅದನ್ನೂ ಕೇಳಲ್ಲ, ಕಣದಿಂದ ಸರಿ ಅಂದ್ರೆ ಸರಿಯಲ್ಲ, ನಾವೆಲ್ಲ ಏನು ಮಾಡಬೇಕು ಹೇಳು, ಎನ್ನುತ್ತಾರೆ ಅಧ್ಯಕ್ಷರು, ಧ್ವನಿ ಏರಿದಂತೆ ಕನ್ನಡಕ ಇನ್ನಷ್ಟು ವಾಲುತ್ತದೆ. ಕ್ಷಮೆ ಕೇಳಿದ್ರೆ ತಪ್ಪು ಒಪ್ಪಿಕೊಂಡ ಹಾಗಲ್ವಾ, ಎನ್ನುತ್ತಾನೆ ತಮ್ಮ, ನಾನು ಸರಿಯೋ ಪ್ರಶ್ನೇನೇ ಇಲ್ಲ, ಬೇಕಿದ್ರೆ ಪಕ್ಷ ಸರೀಲಿ. ಅಬ್ಬಬ್ಬಾ. ಅಧ್ಯಕ್ಷರದೂ ಏನು ಸಾಚಾ ಮನಸ್ಸಲ್ಲ, ಹೆಣ್ಣುಮಗಳಿಗೆ ಹೊಡೆದ ಸುದ್ದಿ ಎದ್ದಿರುವಾಗ ಒಂದು ಹೆಣ್ಣುಮಗಳನ್ನೇ ನಿಲ್ಲಿಸಿಬಿಟ್ಟರೆ ಎಲ್ಲ ಮುಚ್ಚಿಹೋಗುತ್ತೆ ಎಂದು ಆಗಲೇ ಬಾಯಿ ತಪ್ಪಿ ಹೇಳಿದರು, ಅಕ್ಕ ಎಂದರೆ ಇವರಿಗೆ ತಿಪ್ಪೆಯ ಮೇಲೆ ಹಾಸುವ ಬಟ್ಟೆ. ಎರಡು ಗುಂಪು, ಒಂದು ಅವಳನ್ನು ಎಳೆಯುತ್ತದೆ, ಒಂದು ತಳ್ಳುತ್ತದೆ, ಆ ನರ್ಸ್ ಈಗ ಹೇಗಿದ್ದಾಳೆ ಎಂದು ಯಾವನಾದರೂ ಒಬ್ಬ ಬಾಯಿ ತಪ್ಪಿಯಾದರೂ ಕೇಳಿದನೇ, ಊಹೂಂ.

ಅವಳು ಬಂದಿದ್ದಳು, ಮಾರನೆಯ ದಿನವೇ, ಅಂಗಡಿಗೆ. ಕನ್ನಡಕ ಮಾಡಿಸಿದ್ದೇ ಇಲ್ಲಿ, ಇನ್ನೆಲ್ಲಿಗೆ ಹೋಗುತ್ತಾಳೆ, ಡ್ಯೂಟಿ ಮುಗಿಸಿ ಹಾಗೇ ಬಂದಿದ್ದಳು, ಬಾಗಿದ ಫ್ರೇಮನ್ನೇ ಹೇಗೋ ಮೂಗಿನ ಮೇಲೆ ಕೂರಿಸಿಕೊಂಡು, ಒಂದು ಕಣ್ಣು ಗಾಜಿನ ಹಿಂದೆ, ಇನ್ನೊಂದು ಗಾಜಿಲ್ಲದ ಫ್ರೇಮಿನ ಬಳೆಯೊಳಗೆ. ಅದೇ ನಂಬರ್ ಇರಲಿ ಮೇಡಂ, ಬೇಗ ಕೊಟ್ರೆ ಉಪಕಾರ ಆಗುತ್ತೆ, ಸೂಜಿ ಚುಚ್ಚೋಕೆ ಕಾಣಲ್ಲ. ಕೌಂಟರಿನ ಹಿಂದಿನ ಗೋಡೆಯಲ್ಲಿ ತಮ್ಮ ನಗುತ್ತಿದ್ದ, ಪೋಸ್ಟರಿನಲ್ಲಿ, ಅವಳು ತಲೆಯೆತ್ತಿ ನೋಡಿದಳು, ನೋಡಿದ್ದನ್ನು ಅಕ್ಕ ನೋಡಿದಳು. ನಾಲಿಗೆ ತುದಿಗೆ ಬಂದಿತ್ತು, ಅವನು ನನ್ನ ತಮ್ಮ ಕಣಮ್ಮ, ತಪ್ಪಾಯಿತು, ಎಂದು, ಆಚೆ ಬರಲಿಲ್ಲ, ಕೂತುಕೋ ಎಂದಳು ಅಷ್ಟೇ. ಗಾಜು ಕತ್ತರಿಸಿ, ಅಂಚು ಅರೆದು, ಕೂರಿಸಿ, ಕಡ್ಡಿ ಬಗ್ಗಿಸಿ, ಹಾಕಿ ನೋಡೋಣ ಎಂದು ಎರಡು ಕೈಯಲ್ಲೂ ಹಿಡಿದು ಅವಳ ಮುಖದ ಹತ್ತಿರ ಒಯ್ದಳು, ದಿನಾ ಮಾಡುವ ಕೆಲಸ, ಎಷ್ಟು ಸಾವಿರ ಮುಖಗಳಿಗೆ ಹಾಗೆ ಒಯ್ದಿಲ್ಲ, ಮಕ್ಕಳು ನಗುತ್ತಾರೆ, ಮುದುಕರು ಬಾಯಿ ತೆರೆಯುತ್ತಾರೆ, ಎಲ್ಲರೂ ಮುಖವನ್ನು ಮುಂದೆ ಕೊಡುತ್ತಾರೆ — ಅವಳು ಕಣ್ಣು ಮುಚ್ಚಿ ಮುಖ ಹಿಂದಕ್ಕೆ ಎಳೆದುಕೊಂಡಳು. ಒಂದು ಕ್ಷಣ. ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಸಾರಿ ಮೇಡಂ ಎಂದಳು, ಅವಳೇ ಅಂದಳು ಸಾರಿ, ಎಲ್ಲ ಬಿಟ್ಟು ಅವಳು.

ಅದನ್ನು ಮನೆಯಲ್ಲಿ ಹೇಳಿದಳು, ತಮ್ಮನ ಎದುರು, ಅವನ ಹೆಂಡತಿಯ ಎದುರು, ಈಗಲಾದರೂ ಇವನಿಗೆ ತಟ್ಟಲಿ ಎಂದೇ ಹೇಳಿದಳು. ಅವನ ಹೆಂಡತಿ ಎದ್ದು ಒಳಗೆ ಹೋದಳು. ಅವನು ಅನ್ನ ಕಲಸುತ್ತ ಕೇಳಿದ, ಆ ಕನ್ನಡಕ ನಮ್ಮ ಅಂಗಡೀದಾ. ಆಗ ಅರ್ಥವಾಗಲಿಲ್ಲ, ಇದನ್ನೇಕೆ ಕೇಳುತ್ತಾನೆ ಎಂದುಕೊಂಡಳು, ಈಗ, ಈ ರಬ್ಬರ್ ವಾಸನೆಯ ನಡುವೆ, ವಕೀಲ ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕೂತ ಮೇಲೆ ಅರ್ಥವಾಗುತ್ತಿದೆ. ಅಕ್ಕ, ನೀವು ಸರಿದುಬಿಡಿ, ಜೊತೆಗೆ ಒಂದು ಸಣ್ಣ ಸಹಾಯ, ಹೊರಗೆ ಟೀವಿಯವರಿದ್ದಾರೆ, ಅವರ ಮುಂದೆ ಒಂದೇ ಮಾತು, ಆ ಕನ್ನಡಕ ಮಾಡಿದ್ದು ನಾನೇ, ಫ್ರೇಮು ಮೊದಲೇ ಸಡಿಲ ಇತ್ತು, ಮೈ ತಾಗಿದ್ರೂ ಬೀಳೋ ಅಂಥದ್ದು, ನಾನೇ ಅವರಿಗೆ ಹೇಳಿದ್ದೆ ಅಂತ. ಯಾರು ಹೇಳಿಕೊಟ್ಟರು ನಿನಗೆ ಇದನ್ನ, ಎಂದಳು ಅಕ್ಕ. ವಕೀಲ ತಮ್ಮನ ಕಡೆ ನೋಡಿದ. ತಮ್ಮ ಪೋಸ್ಟರಿನ ಕಟ್ಟಿನ ದಾರ ಬಿಚ್ಚುತ್ತಿದ್ದಾನೆ, ಕಟ್ಟುತ್ತಿದ್ದಾನೆ. ತಾನಾಗೇ ಬಿತ್ತು. ಅವಳು ಅವನಿಗೆ ನಾಚಿಕೆಯಾಗಲಿ ಎಂದು ಹೇಳಿದ್ದನ್ನು ಅವನು ಪ್ರಚಾರಕ್ಕೆ ಇಟ್ಟುಕೊಂಡ. ಭೇಷ್, ಭೇಷ್ ಕಣೋ. ನಲವತ್ತು ವರ್ಷದ ಅಂಗಡಿ ಅಪ್ಪನದು, ಸಡಿಲ ಫ್ರೇಮು ಕೊಟ್ಟು ಕಳಿಸಿದ ಅಂಗಡಿ ಎಂದು ಅಪ್ಪನ ಮಗನೇ ಹೇಳಿಸುತ್ತಾನೆ, ಅದೂ ಅಪ್ಪನ ಮಗಳ ಬಾಯಿಂದ.

ಎದ್ದಳು. ಸೈನ್ ಹಾಕೋಕೆ ತಾನೆ, ಎಂದ ವಕೀಲ. ಹಾಕಬೇಡಿ ಅಕ್ಕ, ಸ್ವಲ್ಪ ತಡೀರಿ, ಎಂದರು ಅಧ್ಯಕ್ಷರು. ಮೊದಲು ಕನ್ನಡಕ ಸರಿ ಹಾಕಿಕೊಳ್ಳಿ, ಎಂದಳು ಅವರಿಗೆ, ಮೆಟ್ಟಿಲಿಳಿದಳು, ಟೈರ್ ಅಂಗಡಿಯವನು ಏನಕ್ಕ ಎಂದವನು ಅವಳ ಮುಖ ನೋಡಿ ಟೈರಿನ ಕಡೆ ತಿರುಗಿಕೊಂಡ, ರಸ್ತೆ ದಾಟಿದಳು, ಬಿಸಿಲು, ಹಾರನ್ನು, ಚುನಾವಣಾ ಕಚೇರಿಯ ಗೇಟು, ಕ್ಯಾಂಟೀನಿನ ಟೀ ವಾಸನೆ, ಪ್ರತಿ ಸಲ ಇಲ್ಲಿ ಎಷ್ಟು ಹಗುರವಾಗಿ ನಡೆಯುತ್ತಿದ್ದಳು. ಅಧಿಕಾರಿಯ ಕೋಣೆಯ ಬೆಂಚು ತಣ್ಣಗಿತ್ತು. ಬನ್ನಿ ಅಮ್ಮ, ವಾಪಸ್ ತಗೊಳ್ಳೋಕೆ ತಾನೆ, ಎಂದರು ಅಧಿಕಾರಿ, ಅವರಿಗೂ ಅಭ್ಯಾಸವಾಗಿದೆ, ಪೆನ್ನು ಆಗಲೇ ಅವಳ ಕಡೆ ತಿರುಗಿಸಿದ್ದಾರೆ. ಸ್ವಲ್ಪ ಕೂರ್ತೀನಿ ಸರ್, ಎಂದಳು. ಬಾಗಿಲಲ್ಲಿ ತಮ್ಮ, ಹಿಂದೆಯೇ ಬಂದಿದ್ದಾನೆ, ಒಬ್ಬನೇ, ಏದುಸಿರು, ಬೆಂಚಿನ ಮೇಲೆ ಪಕ್ಕದಲ್ಲೇ ಕೂತ, ಚಿಕ್ಕಂದಿನಲ್ಲಿ ಪ್ರೋಗ್ರೆಸ್ ಕಾರ್ಡು ಬಂದ ದಿನ ಕೂರುತ್ತಿದ್ದ ಹಾಗೆ. ಅಕ್ಕ, ಹೋಗಲಿ, ಟೀವಿ ಮುಂದೆ ಏನೂ ಹೇಳಬೇಡ, ಸೈನೊಂದು ಹಾಕಿಬಿಡು. ನೀನು ಈಗಲೇ ಆಸ್ಪತ್ರೆಗೆ ಹೋಗು, ಅವಳಿಗೆ ತಪ್ಪಾಯ್ತು ಅನ್ನು, ಫೋನ್ ಮಾಡಿಯಾದ್ರೂ ಅನ್ನು, ನನ್ನೆದುರೇ, ಆಮೇಲೆ ಹಾಕ್ತೀನಿ, ಎಂದಳು. ಎಲೆಕ್ಷನ್ ಮುಗೀಲಿ ಅಕ್ಕ, ನಾನೇ ಕರೆಸಿ ಮಾತಾಡ್ತೀನಿ. ಕರೆಸ್ತೀಯಾ. ಅಲ್ಲ ಅಕ್ಕ, ಮಾತು ಹಿಡೀಬೇಡ, ಯೋಚನೆ ಮಾಡು, ಸಾಯಂಕಾಲ ನಾವಿಬ್ಬರೂ ಒಂದೇ ಮನೆಗೆ ಹೋಗಬೇಕು. ಹೌದು, ಅದನ್ನೇ ಯೋಚಿಸುತ್ತಿದ್ದಾಳೆ, ಕೆಳಗೆ ಅಂಗಡಿ, ಮೇಲೆ ಮನೆ, ಅವನ ಮಕ್ಕಳು ಅತ್ತೆ ಅತ್ತೆ ಎಂದು ಕೊರಳಿಗೆ ಜೋತುಬೀಳುವ ಮನೆ, ಅವಳಿಗೆ ಇನ್ನೊಂದು ಮನೆಯಿಲ್ಲ, ಇನ್ನೊಬ್ಬ ತಮ್ಮನೂ ಇಲ್ಲ, ಈ ಹಾಳು ಮುಖವನ್ನು ಅವಳು ಎಷ್ಟು ಪ್ರೀತಿಸುತ್ತಾಳೆ ಎಂಬುದು ಅವನಿಗೂ ಗೊತ್ತು, ಗೊತ್ತಿದ್ದೇ ಬಂದು ಪಕ್ಕದಲ್ಲಿ ಕೂತಿದ್ದಾನೆ. ಪೆನ್ನಿಗೆ ಕೈ ಹೋಯಿತು, ನಿಜವಾಗಿ ಹೋಯಿತು, ಸಾಕು ಮಾರಾಯ, ಸೈನ್ ಹಾಕಿ ಟೀ ಕುಡಿದು ಅಂಗಡಿ ಬಾಗಿಲು ತೆಗೆಯೋಣ. ಅವನ ಕಣ್ಣಲ್ಲಿ ನೀರು, ನಿಜವಾದ ನೀರೋ ಏನೋ, ಒರೆಸಿಕೊಳ್ಳಲೆಂದು ಅವನು ಎರಡೂ ಕೈ ಮೇಲೆತ್ತಿದ, ಕನ್ನಡಕದ ಎರಡೂ ಕಡ್ಡಿ ಹಿಡಿದ, ಮೆಲ್ಲಗೆ ತೆಗೆದ, ಮಡಿಸಿದ, ಜೇಬಿನ ಕಡೆ ಒಯ್ದ —

ಅಕ್ಕನ ಮುಖ ಹಿಂದಕ್ಕೆ ಹೋಗಿತ್ತು. ಅವಳು ಒಯ್ಯಲಿಲ್ಲ, ಅದೇ ಹೋಗಿತ್ತು, ಕಣ್ಣು ಮುಚ್ಚಿದ್ದವು, ತಲೆಯ ಹಿಂಭಾಗ ಗೋಡೆಗೆ ತಗುಲಿ ಟಕ್ ಎಂದಿತು. ಅಕ್ಕ, ಏನಾಯ್ತೇ, ನಾನು ಕಣೇ, ಎನ್ನುತ್ತಿದ್ದಾನೆ ಅವನು, ಧ್ವನಿ ಬದಲಾಗಿದೆ, ಮೊದಲ ಸಲ ಹೆದರಿದ್ದಾನೆ, ಮುಖ ಹಿಂದಕ್ಕೆ ಹೋದದ್ದನ್ನು ಅವನೂ ನೋಡಿದ್ದಾನೆ. ಅಮ್ಮ, ಸಮಯ ಆಗ್ತಾ ಬಂತು, ವಾಪಸ್ ತಗೋತೀರಾ ಇಲ್ವಾ, ಎನ್ನುತ್ತಿದ್ದಾರೆ ಅಧಿಕಾರಿ. ಇಲ್ಲ, ಎಂದದ್ದು ತನ್ನದೇ ಧ್ವನಿ ಇರಬೇಕು. ಹೊರಗೆ ವಕೀಲ ಯಾರ ಮೇಲೋ ಕೂಗುತ್ತಿದ್ದಾನೆ, ಅಧ್ಯಕ್ಷರು ಅವನ ಮೇಲೆ, ಇಬ್ಬರ ಹೆಸರೂ ಉಳಿಯಿತು, ಇಬ್ಬರೂ ಸೋಲುತ್ತಾರೆ, ಸೋಲಲಿ, ಸಾಯಂಕಾಲ ಮನೆ, ಮನೆ ಏನಾಗುತ್ತದೋ, ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತಿದ್ದಾರೆ, ತಮ್ಮ ಕನ್ನಡಕ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಾನೆ, ಯಾವುದೂ ಮುಂದಕ್ಕೆ ಹೋಗುತ್ತಿಲ್ಲ, ಕೌಂಟರಿನ ಆಚೆ ಒಂದು ಸಣ್ಣ ಮುಖ, ಗಾಳಿಯಲ್ಲಿ ನಿಂತ ಎರಡು ಕೈ, ಕಣ್ಣು ಮುಚ್ಚಿ ಹಿಂದಕ್ಕೆ, ಹಿಂದಕ್ಕೆ ಸರಿಯುವ ಮುಖ, ಸಾರಿ ಮೇಡಂ.