ಪಾಯಿಖಾನೆಯ ತೇಗದ ಬಾಗಿಲು

ಠಕ್ ಎಂದಿತು, ಆಹಾ, ಎಲೆಅಡಿಕೆ ಡಬ್ಬಿಯ ಮುಚ್ಚಳ ಕೂತ ಹಾಗೆ, ಹಿತ್ತಾಳೆಯೊಳಗೆ ಹಿತ್ತಾಳೆ ಕೂತ ಸದ್ದು, ಈ ಒಂದು ಸದ್ದಿಗಾಗಿ ಎಷ್ಟು ತಿಂಗಳು ಒದ್ದಾಡಿದ್ದೇನೆ, ಇನ್ನೊಂದು ಸಲ ಕೇಳಿಬಿಡೋಣ, ಯಾರೂ ನೋಡುತ್ತಿಲ್ಲವಲ್ಲ, ಚಿಲಕದ ಹಿಡಿ ತಿರುಗಿಸಿದೆ, ಅರ್ಧ ತಿರುಗಿ ನಿಂತಿತು — ತಿರುಗವ್ವ — ನಿಂತಿತು, ಬಾಗಿಲನ್ನು ನನ್ನ ಕಡೆಗೆ ಎಳೆದೆ, ಮತ್ತೆ ಎಳೆದೆ, ಅಂಗೈಗೆ ಪಾಲಿಶಿನ ವಾಸನೆ ಬಂತೇ ಹೊರತು ಬಾಗಿಲು ಬರಲಿಲ್ಲ. ಇರಲಿ ಕೊಟ್ರೇಶ, ಗಾಬರಿ ಬೇಡ, ನೀನೇ ಕೂರಿಸಿದ ಬಾಗಿಲು, ನಿನ್ನ ಮಾತು ಕೇಳದೆ ಇನ್ಯಾರ ಮಾತು ಕೇಳುತ್ತದೆ, ಹೆತ್ತ ಮಕ್ಕಳೇ ಕೇಳುವುದಿಲ್ಲ ಎನ್ನುವುದು ಬೇರೆ ವಿಷಯ. ಹೊರಗೆ ಪ್ಲಾಟ್‌ಫಾರ್ಮಿನ ಮೇಲೆ ಹೊಳಲ್ಕೆರೆಯ ಅರ್ಧ ಊರು ನೆರೆದಿದೆ, ವಾಲಗದವರು ಅದೇ ರಾಗವನ್ನು ಮೂರನೇ ಸಲ ಊದುತ್ತಿದ್ದಾರೆ, ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟಾಗಿದೆ, ಹಳೆಯ ರೈಲು ಬೋಗಿಗಳನ್ನು ರಿಪೇರಿ ಮಾಡಿ ಓಡಿಸುವ ನಮ್ಮ ಹಳೆಗಾಡಿ ಸಂಘದ ಮೊದಲ ಬೋಗಿ ಇನ್ನೇನು ಓಡಬೇಕು, ಅದರ ಮರಗೆಲಸವನ್ನೆಲ್ಲ ಮಾಡಿದ ಮೇಸ್ತ್ರಿ ಹೊಸ ಜುಬ್ಬ ಹಾಕಿ, ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು, ಅದೇ ಬೋಗಿಯ ಪಾಯಿಖಾನೆಯೊಳಗೆ ನಿಂತಿದ್ದಾನೆ. ಕೊನೆಯದಾಗಿ ಚಿಲಕ ಒರೆಸಿ ಬರುತ್ತೇನೆಂದು ಬಂದೆ, ಒರೆಸಿ ಸುಮ್ಮನೆ ಹೋಗಬೇಕಿತ್ತು, ಹಾಕಿ ನೋಡುವ ಚಪಲ ಯಾಕೆ ಬಂತು.

ಕೂಗಬಹುದು, ಬಾಯಿ ಇದೆಯಲ್ಲ, ಮೊಬೈಲು ಮಾತ್ರ ಇಲ್ಲ, ಹೊಸ ಜುಬ್ಬದ ಜೇಬು ಜೋತು ಬೀಳುತ್ತದೆ ಎಂದು ರೇಣುಕಾ ಇಸಿದುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು, ಹೆಂಡತಿಯ ಮಾತು ಕೇಳಿದ್ದು ವರ್ಷಕ್ಕೊಮ್ಮೆ, ಕೆಟ್ಟದ್ದೂ ಅಂದೇ. ಮಬ್ಬುಗಾಜಿನ ಪುಟ್ಟ ಕಿಟಕಿ ಅರ್ಧ ಮಾತ್ರ ಕೆಳಗಿಳಿಯುತ್ತದೆ, ಕೈ ತೂರುತ್ತದೆ, ತಲೆ ತೂರುವುದಿಲ್ಲ, ಇಣುಕಿದರೆ ಸರಿಯಾಗಿ ಅದರ ಕೆಳಗೇ ಮುರುಗೇಶ್ ನಿಂತಿದ್ದಾನೆ, ಹಿರಿಯೂರಿನ ವೆಲ್ಡಿಂಗ್ ಮುರುಗೇಶ್, ಬೋಗಿಯ ಕಬ್ಬಿಣವೆಲ್ಲ ಅವನದು, ಮರವೆಲ್ಲ ನನ್ನದು, ಈ ಹಿತ್ತಾಳೆಯ ಚಿಲಕ ಯಾರದು ಎಂಬುದರ ಮೇಲೇ ಜಗಳ. ಕೊಟ್ರೇಶಣ್ಣ, ಈ ಮುದಿ ಚಿಲಕದ ಸಹವಾಸ ಬ್ಯಾಡ, ಒಂದು ಸ್ಟೀಲ್ ಬೋಲ್ಟು ಬಡ್ದು ಕೈ ತೊಳ್ಕಳಾಣ, ಎಂದಿದ್ದ ಸಂಘದ ಮೀಟಿಂಗಿನಲ್ಲಿ. ನಾನು ಎದ್ದು ನಿಂತು ಭಾಷಣ ಬಿಗಿದೆ, ಇದು ಬಸ್‌ಸ್ಟ್ಯಾಂಡಿನ ಪಾಯಿಖಾನೆಯಲ್ಲ, ಪರಂಪರೆ, ನನ್ನ ಮೊಮ್ಮಗನ ಮೊಮ್ಮಗನೂ ಈ ಚಿಲಕ ಹಾಕುತ್ತಾನೆ ಎಂದೆ, ಹಾಕುತ್ತಾನೆ ಎಂದೆನೇ ಹೊರತು ತೆಗೆಯುತ್ತಾನೆ ಎನ್ನಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಕೂಗಿದರೆ ಮೊದಲು ಓಡಿ ಬರುವವನು ಅವನೇ, ಕೈಯಲ್ಲಿ ಹಾರೆ, ಮುಖದಲ್ಲಿ ನಗು, ಎರಡೇ ಏಟಿಗೆ ಬಾಗಿಲು ಸೀಳಿ ನನ್ನನ್ನು ಹೊರಗೆಳೆಯುತ್ತಾನೆ, ಹಿರಿಯೂರಿನ ತನಕ ಕಥೆ ಹೇಳಿಕೊಂಡು ಹೋಗುತ್ತಾನೆ. ಈ ಬಾಗಿಲು ಸೀಳುವುದೇ, ಶ್ರೀರಾಂಪುರದ ತೆಂಗಿನ ತೋಟದಲ್ಲಿ ಈ ಬೋಗಿ ಕೊಬ್ಬರಿ ತುಂಬುವ ಕೋಣೆಯಾಗಿ ಬಿದ್ದಿದ್ದಾಗ, ನೆಲ ಗೆದ್ದಲಿಗೆ, ಸೀಟು ಇಲಿಗೆ, ಚಾವಣಿ ಮಳೆಗೆ ಎಂದು ಪಾಲಾಗಿ ಹೋಗಿದ್ದಾಗ, ಇಡೀ ಬೋಗಿಯಲ್ಲಿ ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ಮರದ ಸಾಮಾನು ಇದು, ಒಳಗೆ ದೆವ್ವ ಇದೆ ಎಂದು ತೋಟದ ಯಜಮಾನ ಒಮ್ಮೆಯೂ ಇದನ್ನು ತೆಗೆದಿರಲಿಲ್ಲ, ಆ ದೆವ್ವಕ್ಕೆ ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಂಥದ್ದನ್ನು ಒಡೆಯಲು ಬಿಡುವುದಿಲ್ಲ, ಬೇಕಾದರೆ ಇಲ್ಲೇ ಸಂಸಾರ ಹೂಡುತ್ತೇನೆ, ನೀರಿದೆ, ಗಾಳಿಯಿದೆ, ಉಳಿದ ಸೌಕರ್ಯದ ಬಗ್ಗೆ ಹೇಳುವುದೇ ಬೇಡ.

ಮುರುಗೇಶ್ ನಗಲಿ, ಊರು ನಗಲಿ, ನಾಲ್ಕು ದಿನ ನಕ್ಕು ಸುಮ್ಮನಾಗುತ್ತಾರೆ, ಆದರೆ ಇವತ್ತು ಶಿವಕುಮಾರಪ್ಪ ಸಾಹೇಬರು ಬಂದಿದ್ದಾರೆ, ಮುಖ್ಯ ಅತಿಥಿ, ಹಸಿರು ಬಾವುಟ ತೋರಿಸಿ ಗಾಡಿ ಬಿಡುವವರೇ ಅವರು. ನನಗೆ ಮೀಸೆ ಚಿಗುರಿದಾಗಿನಿಂದ ಮಕ್ಕಳಾಗುವವರೆಗೆ ರೈಲ್ವೆಯ ಬೋಗಿ ಷೆಡ್ಡಿನಲ್ಲಿ ಅವರ ಕೈಕೆಳಗೆ ದುಡಿದವನು ನಾನು, ಒಂದು ದಿನ, ಒಂದೇ ಒಂದು ದಿನ ಚೆನ್ನಾಗಿದೆ ಎಂದವರಲ್ಲ. ಬರುತ್ತಿದ್ದರು, ಎಂದೋ ಬಾಗಿಲಿಗೆ ಸಿಕ್ಕಿ ಡೊಂಕಾಗಿದ್ದ ಆ ತೋರುಬೆರಳನ್ನು ಮಡಿಸಿ ಮರದ ಮೇಲೆ ಬಡಿಯುತ್ತಿದ್ದರು, ಟಕ್, ಕಿವಿಗೊಡುತ್ತಿದ್ದರು, ಇನ್ನೊಂದ್ಸಲ ಮಾಡು ಎಂದು ಹೋಗುತ್ತಿದ್ದರು, ಅಷ್ಟೇ, ಬೈದಿದ್ದರಾದರೂ ಸಮಾಧಾನವಾಗುತ್ತಿತ್ತು. ಅವರು ಒಂದು ಮಾತು ಹೊಗಳಿದ್ರೆ ನಿಮ್ಗೇನು ಪಿಂಚಣಿ ಜಾಸ್ತಿ ಆಗ್ತೈತಾ ಎನ್ನುತ್ತಾಳೆ ರೇಣುಕಾ, ಅವಳಿಗೆ ಹೇಗೆ ಹೇಳುವುದು, ನನ್ನ ಅಪ್ಪ ಹೊಗಳದೆ ಸತ್ತಾಗಲೂ ಇಷ್ಟು ಉರಿದಿರಲಿಲ್ಲ. ಇವತ್ತು ಬೆಳಿಗ್ಗೆ ಅವರು ಬೋಗಿಯನ್ನೆಲ್ಲ ಸುತ್ತಿದರು, ಸೀಟಿಗೊಂದು ಟಕ್, ಕಿಟಕಿಗೊಂದು ಟಕ್, ನಾನು ಹಿಂದೆ ಹಿಂದೆ ಮದುವಣಿಗನ ಹಾಗೆ ತಲೆ ತಗ್ಗಿಸಿ ನಡೆದೆ, ಏನೂ ಹೇಳಲಿಲ್ಲ, ಪಾಯಿಖಾನೆ ಮಾತ್ರ ನೋಡುವುದಿತ್ತು, ಅಷ್ಟರಲ್ಲಿ ಹಾರ ಹಾಕಲು ಕರೆದೊಯ್ದರು. ಉಳಿದಿರುವುದು ಇದೊಂದೇ ಬಾಗಿಲು, ನನ್ನ ಕೊನೆಯ ಪರೀಕ್ಷೆ, ಮತ್ತು ಅದರೊಳಗೆ ನಾನು. ಅವರು ಕಲಿಸಿದ್ದು ನೆನಪಿಲ್ಲವೇ, ಮರ ನೀರು ಕುಡಿತೈತೆ, ಚೌಕಟ್ಟಿನಾಗೆ ಅದಕ್ಕೊಂದಿಷ್ಟು ಜಾಗ ಬಿಡು, ಎಂದು ಎಷ್ಟು ಸಲ ಹೇಳಿದ್ದರು, ನೆನಪಿತ್ತು, ಆದರೆ ಸಂದು ಕಂಡರೆ ಅವರೇ ಬೆರಳಿಟ್ಟು ತೋರಿಸುತ್ತಾರಲ್ಲ ಎಂಬ ಭಯಕ್ಕೆ ಕೂದಲೂ ತೂರದ ಹಾಗೆ ಕೂರಿಸಿದೆ, ಸಾಲದ್ದಕ್ಕೆ ಘಮಘಮ ಇರಲಿ ಎಂದು ಬೆಳಿಗ್ಗೆ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದೆ, ಕುಡಿಯಿತು, ಹೊಟ್ಟೆ ತುಂಬ ಕುಡಿದು ಉಬ್ಬಿ ಕೂತಿದೆ ನನ್ನ ಜಂಬದ ಹಾಗೆ.

ಕೆಮ್ಮು. ಬಾಗಿಲಾಚೆ ಯಾರೋ ಕೆಮ್ಮಿದರು. ನೆಗಡಿಯ ಕೆಮ್ಮಲ್ಲ ಇದು, ಒಳಗೆ ಯಾರಾದರೂ ಇದ್ದೀರಾ ಎಂದು ಬಾಯಿಬಿಟ್ಟು ಕೇಳಲು ನಾಚುವವರ ಕೆಮ್ಮು, ಇದಕ್ಕೆ ಒಳಗಿದ್ದವನು ಕೆಮ್ಮಿಯೇ ಉತ್ತರ ಕೊಡಬೇಕು, ನಮ್ಮಜ್ಜನ ಕಾಲದಿಂದ ಬಂದ ಮರ್ಯಾದೆ, ಕೊಟ್ಟೆ. ಆಚೆಯವರು ಮತ್ತೆ ಕೆಮ್ಮಿದರು, ಈ ಸಲ ಕೊಂಚ ಉದ್ದಕ್ಕೆ, ಬೇಗ ಆಗಲಿ ಎಂದು ಅರ್ಥ, ನಾನೂ ಉದ್ದಕ್ಕೆ ಕೆಮ್ಮಿದೆ, ಆಯಿತು ಬಂದೆ ಎಂದು, ಶುದ್ಧ ಸುಳ್ಳು, ನಂಬಿಕೆ ಬರಲಿ ಎಂದು ನಲ್ಲಿ ಬಿಟ್ಟು ತಂಬಿಗೆಗೆ ನೀರು ಹಿಡಿದು ಸುರಿದೆ, ಬಾಗಿಲು ಇನ್ನೊಂದು ಗುಟುಕು ಕುಡಿದಿರಬೇಕು. ಆಮೇಲೆ ಬಂದದ್ದು ಕೆಮ್ಮಲ್ಲ, ಟಕ್, ಒಂದೇ ಬೆರಳಿನ ಟಕ್, ಗೆಣ್ಣು ಮರಕ್ಕೆ ತಾಗಿ ನಿಂತು ಕಿವಿಗೊಡುವ ಟಕ್. ಸಾಹೇಬರು. ಎಂಬತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ, ಬೇಡ ಬೇಡ ಎಂದರೂ ಹೊಸದುರ್ಗದ ಎಳನೀರು ಸಾರ್, ಏನೂ ಆಗಲ್ಲ ಎಂದು ಎರಡೆರಡು ಕುಡಿಸಿದವನು ನಾನೇ, ಹಾಳಾದವನು. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ, ಆದರೆ ಮಾಡಿದವನು ನಾನು, ಉಣ್ಣುತ್ತಿರುವವರು ಅವರು. ಯಾರಪ್ಪ ಒಳಗೆ, ಎಂದರು, ದನಿ ಸಣ್ಣಗಿತ್ತು, ಅವರ ಬಾಯಲ್ಲಿ ಅಂಥ ಬೇಡಿಕೊಳ್ಳುವ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ, ಜಂಬ ಎಲ್ಲಿ ಹೋಯಿತೋ, ನಾನು ಸಾರ್, ಕೊಟ್ರೇಶ್, ಬಾಗಿಲು ಬಿಗಿಯಾಗೈತೆ ಎಂದುಬಿಟ್ಟೆ. ಟಕ್. ಇನ್ನೊಂದು ಟಕ್. ಮರಕ್ಕೆ ಜಾಗ ಬಿಟ್ಟಿಲ್ಲ ನೀನು, ಎಂದರು. ಇಲ್ಲ ಸಾರ್. ಎಂಜಿನ್ ಬಂದು ತಾಗಲಿ, ಧಕ್ಕೆಗೆ ಸಡಿಲಾಗ್ತೈತೆ, ಹಿಡಿ ತಿರುಗಿಸ್ಕಂಡೇ ನಿಂತಿರು, ಬೇಗ ತಾಗಿದ್ರೆ ಸಾಕು ಶಿವನೇ, ಎಂದರು, ಕೊನೆಯ ಮಾತು ನನಗಲ್ಲ.

ಧಡ್ — ಎಂಜಿನ್ ತಾಗಿತು, ಬೋಗಿ ಪೂರ್ತಿ ಹಿಂದಕ್ಕೊಮ್ಮೆ ಜೀಕಿತು, ಹಿಡಿ ತಿರುಗಿತು, ಬಾಗಿಲು ನನ್ನ ಹಣೆಗೆ ಬಡಿದೇ ತೆರೆಯಿತು, ನಾನು ನಮಸ್ಕಾರ ಎನ್ನುವಷ್ಟರಲ್ಲಿ ಸಾಹೇಬರು ಹಾರ ಶಾಲುಗಳ ಸಮೇತ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದರು, ಬೇಡ ಸಾರ್, ಚಿಲಕ ಹಾಕಬ್ಯಾಡ್ರಿ — ಠಕ್. ಅದೇ ಚೆಂದದ ಸದ್ದು, ಈಗ ಕಿವಿ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ನೀರಿನ ಸದ್ದು, ನೆಮ್ಮದಿಯ ನಿಟ್ಟುಸಿರು, ಹಿಡಿ ಅರ್ಧ ತಿರುಗಿದ ಸದ್ದು, ಆಮೇಲೆ ಏನೂ ಇಲ್ಲ. ಹೊರಗೆ ಮೈಕಿನಲ್ಲಿ ನಿರೂಪಣೆಯ ಉಷಾರಾಣಿ ಟೀಚರು, ಈಗ ಮಾನ್ಯ ಮುಖ್ಯ ಅತಿಥಿಗಳು ಬಾವುಟ ತೋರಿಸಬೇಕೆಂದು ಕೋರುತ್ತೇನೆ, ಎಂದರು, ಮತ್ತೊಮ್ಮೆ ಕೋರಿದರು, ವಾಲಗ ನಿಂತಿತು, ಕೋರಿಕೆ ನಿಲ್ಲಲಿಲ್ಲ. ಗಾಡಿ ಅಲುಗಾಡದೆ ಸಾಹೇಬರು ಹೊರಬರುವುದಿಲ್ಲ, ಸಾಹೇಬರು ಹೊರಬಂದು ಬಾವುಟ ತೋರಿಸದೆ ಗಾಡಿ ಅಲುಗಾಡುವುದಿಲ್ಲ, ಬೀಜ ಮೊದಲೋ ಮರ ಮೊದಲೋ ಎಂದು ಮಠದ ಸ್ವಾಮಿಗಳನ್ನು ಕೇಳಿದರೂ ಇದಕ್ಕೆ ಉತ್ತರ ಸಿಗಲಿಕ್ಕಿಲ್ಲ. ಅಷ್ಟರಲ್ಲಿ ಮುರುಗೇಶ್ ಬಂದ, ಬಾಗಿಲ ಮುಂದೆ ನಿಂತ ನನ್ನನ್ನು ನೋಡಿದ, ಬಾಗಿಲನ್ನು ನೋಡಿದ, ಒಳಗೆ ಸಾಹೇಬರು ಎಂದೆ, ಹೋಗಿ ಹಾರೆ ತಂದ, ನಗಲೂ ಇಲ್ಲ ಪುಣ್ಯಾತ್ಮ, ಏನು ಮಾಡಾಣ ಅಣ್ಣ ಎಂದು ನನ್ನನ್ನೇ ಕೇಳಿದ. ನಾನು ತೇಗದ ಮೇಲೆ ಕೈಯಿಟ್ಟೆ, ಎಣ್ಣೆ ಕುಡಿಸಿ ಉಜ್ಜಿ ಉಜ್ಜಿ ಅಂಗೈ ಸವೆಸಿದ ಮರ, ಒಳಗೆ ಒಬ್ಬ ಮುದುಕ, ಮುದುಕನಿಗಿಂತ ಬಾಗಿಲು ದೊಡ್ಡದೇ, ಅಲ್ಲ, ಒಡಿ ಮುರುಗೇಶ್, ಎಂದೆ, ಎಂದು ಮುಖ ತಿರುಗಿಸಿಕೊಂಡೆ. ಒಳಗಿನಿಂದ ದನಿ ಬಂತು, ಈಗ ಅದು ಸಣ್ಣಗಿರಲಿಲ್ಲ, ಷೆಡ್ಡಿನಲ್ಲಿದ್ದ ಹಳೆಯ ದನಿ, ಯಾವನಲೇ ಅವನು, ಹಾರೆ ಕೆಳಗಿಡು, ಒಡಿಬ್ಯಾಡ, ಇಂಥ ಬಾಗಿಲು ನನ್ನ ಸರ್ವೀಸಿನಾಗೇ ನಾನು ನೋಡಿಲ್ಲ, ಲೇ ಕೊಟ್ರ, ಕೇಳುಸ್ತೇನೋ, ನಾನು ಇಲ್ಲೇ ಇರ್ತೀನಿ, ಬಾವುಟ ಈ ಕಿಟಕಿಯಾಗೆ ಕೊಡು. ಕೇಳಿಸಿತು, ಕೇಳಿಸಿತು ಸಾರ್, ಎನ್ನುತ್ತಲೇ ಇಳಿದು ಓಡಿದೆ, ಪ್ಲಾಟ್‌ಫಾರ್ಮಿನ ಜನ, ರೇಣುಕಾ ಏನೋ ಕೇಳುತ್ತಿದ್ದಾಳೆ, ಯಾಕ್ರೀ ಅಳ್ತೀರಿ ಎಂದಿರಬೇಕು, ಹೌದು ಅಳುತ್ತಿದ್ದೇನೆ, ಬಾವುಟ ಇಸಿದುಕೊಂಡು ಕಿಟಕಿಗೆ ಚಾಚಿದೆ, ಅರ್ಧ ಇಳಿದ ಮಬ್ಬುಗಾಜಿನ ಮೇಲಿಂದ ಒಂದು ಕೈ ಬಂತು, ನರಗಳೆದ್ದ ಕೈ, ಇಡೀ ಊರು ಪಾಯಿಖಾನೆಯ ಕಿಟಕಿಯನ್ನು ನೋಡಿ ಮೊದಲು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು, ಎಂಜಿನ್ ಕೂಗಿತು, ಚಕ್ರದಡಿಯ ನಿಂಬೆಹಣ್ಣು ಪಚಕ್ ಎಂದಿತು, ಬೋಗಿ ಹೊರಟಿತು, ನಾನು ಹತ್ತಬೇಕಿತ್ತು, ಮರೆತೆ, ನಿಂತಲ್ಲೇ ನಿಂತಿದ್ದೇನೆ, ಕೈ ದೂರ ಹೋಗುತ್ತಿದೆ, ಹಸಿರು ಬಾವುಟ, ಕೋಲು, ಕೋಲಿನ ಸುತ್ತ ಮಡಿಸಿದ ಬೆರಳು, ಇಷ್ಟು ವರ್ಷ ಇನ್ನೊಂದ್ಸಲ ಮಾಡು ಎಂದ ಆ ಡೊಂಕು ಬೆರಳು, ಬೆರಳು —